ನೀಲಮ್ಮನ ಹಬೆ ಪೆಟ್ಟಿಗೆ

ರಾಜಾಜಿನಗರದ ಹೊಸ ಮನೆಗೆ ಬಂದ ವರ್ಷವೇ, ಅಂದರೆ ೧೯೫೬ರಲ್ಲಿ, ನೀಲಮ್ಮನಿಗೆ ಸೊಂಟ, ಮೊಣಕಾಲು ಹಿಡಿದುಕೊಂಡವು. ವಾರಕ್ಕೆರಡು ಸಲ ಹಬೆ ಕೊಡಿಸಿ ಎಂದರು ವೈದ್ಯರು. ರೋಗಿಯ ತಲೆ ಹೊರಗಿಟ್ಟು ಮೈಯನ್ನೆಲ್ಲ ಒಳಗೆ ಕೂರಿಸುವ ಮರದ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಮಾಡಿಸಲು ಗಂಡ ಏಕಾಂತಯ್ಯ ಬಡಗಿ ಬೈರಯ್ಯನನ್ನು ಕರೆಸಿದ.

ನೀಲಮ್ಮನ ತಂದೆ ಮಾಗಡಿ ರಸ್ತೆಯಲ್ಲಿ ಮರ ಕೊಯ್ಯುತ್ತಿದ್ದವರು. ಅಲ್ಲೇ ಬೆಳೆದ ಅವಳು ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಸಾಕು, ಅದರ ಗುಣ ಹೇಳುತ್ತಿದ್ದಳು.

"ಮನೆ ಕಟ್ಟಿದಾಗ ಉಳಿದ ಮಾವಿನ ಹಲಗೆ ಹಿತ್ತಲಲ್ಲಿದೆಯಲ್ಲ, ಅದ್ರಲ್ಲೇ ಮಾಡು" ಎಂದ ಏಕಾಂತಯ್ಯ.

"ಮಾವು ಹಬೆ ಕುಡಿದ್ರೆ ಊದ್ಕೊಳ್ಳುತ್ತೆ ಕಣ್ರೀ. ತೇಗ ತರ್ಸಿ. ಕಬ್ಬಿಣದ ಮೊಳೆನೂ ಬೇಡ, ಕಾದು ಮೈ ಸುಡುತ್ತೆ."

"ಕೂತ್ಕೊಳ್ಳೋದಷ್ಟೇ ನಿನ್ನ ಕೆಲ್ಸ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಬೈರಯ್ಯ ಅವಳ ಮುಖ ನೋಡಿ, ಉಳಿ ಎತ್ತಿಕೊಂಡ.

ಮೂರನೇ ಸಲ ಹಬೆ ತೆಗೆದುಕೊಂಡ ದಿನ ಮಾವಿನ ಪೆಟ್ಟಿಗೆಯ ಬಾಗಿಲು ಊದಿ ಕಚ್ಚಿಕೊಂಡಿತು. ಅತ್ತೆ ಲಿಂಗಮ್ಮ ಎರಡೂ ಕೈಯಲ್ಲಿ ಎಳೆದರು; ಹಿಡಿಯೇ ಕಿತ್ತು ಕೈಗೆ ಬಂತು. ಅವರು ಪೆಟ್ಟಿಗೆಗೆ ಹಬೆ ಕೊಡುತ್ತಿದ್ದ ಹಂಡೆಯನ್ನು ಒಲೆಯಿಂದ ಇಳಿಸಿ, ಬೈರಯ್ಯನನ್ನು ಹುಡುಕಿಕೊಂಡು ಓಡಿದರು. ನೀಲಮ್ಮ ಒಬ್ಬಳೇ ಉಳಿದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಹೊರಗಿಲ್ಲ. ಬೆನ್ನ ಹಿಂದೆ ಮೊಳೆಯೊಂದು ಸುಡುತ್ತಿತ್ತು. ಮುಂದಕ್ಕೆ ಬಾಗಿದರೆ ಕುತ್ತಿಗೆ ಒತ್ತುತ್ತಿತ್ತು. ಎದುರಿಗೆ ಸುಣ್ಣದ ಗೋಡೆ. ಕೂಗಲು ಬಾಯಿ ತೆರೆದವಳು, ಯಾರನ್ನು ಕೂಗಬೇಕೆಂದು ತೋಚದೆ ಸುಮ್ಮನಾದಳು. ಮದುವೆಯಾದ ಈ ಹದಿನಾಲ್ಕು ವರ್ಷದಲ್ಲಿ ತಾನು ಹೇಳಿದ ಒಂದು ಮಾತಾದರೂ ನಡೆದಿತ್ತೇ ಎಂದು ಯೋಚಿಸಿದಳು. ಒಂದೂ ನೆನಪಾಗಲಿಲ್ಲ.

ಬೈರಯ್ಯ ಬಂದು ಕೀಲು ಕಳಚಿ ಬಾಗಿಲನ್ನೇ ಎತ್ತಿಟ್ಟ. ಲಿಂಗಮ್ಮ ಸೀರೆ ಹೊದಿಸಿದರು. "ನೀವು ಅವತ್ತೇ ಹೇಳಿದ್ರಿ, ತಾಯಿ" ಎಂದ ಆತ, ತಲೆ ಬಗ್ಗಿಸಿ.

ಸಂಜೆ ಬೆನ್ನಿನ ಬೊಬ್ಬೆ ನೋಡಿ ಏಕಾಂತಯ್ಯ ಮೆತ್ತಗಾದ. "ತೇಗದ್ದೇ ಮಾಡ್ಸೋಣ."

"ಮರ ಆರಿಸೋಕೆ ನಾನೂ ಬರ್ತೀನಿ."

"ಹೆಂಗಸ್ರು ಮರದ ಡಿಪೋಗೆ ಬಂದ್ರೆ ಜನ ಏನಂತಾರೆ?"

ಕೊನೆಗೆ ಹಲಗೆಗಳೇ ಹಿತ್ತಲಿಗೆ ಬಂದವು. ನೀಲಮ್ಮ ಒಂದೊಂದನ್ನೂ ತಟ್ಟಿ, ಗಂಟಿದ್ದ ಎರಡನ್ನು ವಾಪಸ್ಸು ಕಳಿಸಿದಳು. ಬೈರಯ್ಯ ಅಂಚುಗಳನ್ನು ಒಂದರೊಳಗೊಂದು ಕೂರುವಂತೆ ಕೊರೆದು, ಮೊಳೆಯ ಬದಲು ಮರದ ಗೂಟ ಬಡಿದ. ಅವಳು ಕೇಳಿದಂತೆ ಚಿಲಕವನ್ನು ಒಳಗಡೆಯೂ ಇಟ್ಟ.

ಆ ಪೆಟ್ಟಿಗೆ ಎಷ್ಟೋ ವರ್ಷ ಬಿರುಕು ಬಿಡದೆ ಬಾಳಿತು. ಮಂಗಳವಾರ, ಶುಕ್ರವಾರ ನೀಲಮ್ಮ ಅದರೊಳಗೆ ಕೂರುತ್ತಿದ್ದಳು. ಬೇಕೆಂದಾಗ ಚಿಲಕ ತೆಗೆಯಬಹುದಿತ್ತು. ಆದರೆ ಅತ್ತೆ "ಸಾಕು, ಏಳು" ಅನ್ನುವವರೆಗೂ ಅವಳ ಕೈ ಅದರ ಹತ್ತಿರ ಹೋಗುತ್ತಿರಲಿಲ್ಲ.