ಕಿಟಕಿಯ ಕಡೆಯಿಂದ ಬರುವ ದನಿ

ಸಾಗರದ ಸನ್ಮತಿಯ ಅಂಗಡಿಗೆ ಬಂದು ಯಾರಾದರೂ ಸ್ಪೀಕರು ಎಷ್ಟು ವಾಟ್ ಎಂದು ಕೇಳಿದರೆ ಅವನು ಉತ್ತರ ಕೊಡುವುದಿಲ್ಲ. ಕೋಣೆ ಎಷ್ಟುದ್ದ, ಸೋಫಾ ಯಾವ ಗೋಡೆಗೆ, ನೆಲ ಗ್ರಾನೈಟೋ ಕೆಂಪು ಸಿಮೆಂಟೋ ಎಂದು ತಿರುಗಿ ಕೇಳುತ್ತಾನೆ. ಮದುವೆಮನೆಗಳ ಮೈಕ್‌ಸೆಟ್ಟಿನಿಂದ ಶುರುವಾದ ಕಸುಬು. ಈಗ ಹೊಸನಗರ, ತೀರ್ಥಹಳ್ಳಿ ಕಡೆ ಮನೆ ಕಟ್ಟಿಸಿದವರು ಕೇರಂ ಬೋರ್ಡಿಗೆ, ದೊಡ್ಡ ಟೀವಿಗೆ ಎಂದು ಒಂದು ಕೋಣೆ ಬಿಡುತ್ತಾರೆ. ಅಲ್ಲಿ ಸ್ಪೀಕರು ಕೂರಿಸಲು ಇವನೇ ಬರಬೇಕು.

ಅವನ ಪದ್ಧತಿ ಒಂದೇ. ಟೀವಿಯ ಎರಡು ಬದಿಗೆ ಪೆಟ್ಟಿಗೆ ಇಟ್ಟು, ಮನೆಯವರು ಕೂರುವ ಜಾಗದಲ್ಲಿ ತಾನು ಕಣ್ಣು ಮುಚ್ಚಿ ಕೂತು, ತಂಬೂರಿಯ ಶ್ರುತಿ ಹಾಕುತ್ತಾನೆ. ಎಡಬಲದ ಗುಂಡಿಯನ್ನು ಚೂರುಚೂರೇ ತಿರುಗಿಸುತ್ತಾನೆ. ದನಿ ಪೆಟ್ಟಿಗೆಗಳನ್ನು ಬಿಟ್ಟು ಗೋಡೆಯ ನಟ್ಟನಡುವೆ ಬಂದಾಗ ಕೈ ತೆಗೆಯುತ್ತಾನೆ. ಇದನ್ನು ಅವನು ‘ದನಿ ನಿಲ್ಲಿಸುವುದು’ ಎನ್ನುತ್ತಾನೆ. ಫೋನಿನ ಆ್ಯಪ್‌ನಲ್ಲಿ ಅಳೆಯುವವರನ್ನು ಕಂಡರೆ ನಗುತ್ತಾನೆ.

ಹೋದ ಮಳೆಗಾಲದ ಜ್ವರದಲ್ಲಿ ಅವನ ಎಡಗಿವಿ ಹೋಯಿತು. ಹೆಂಡತಿಗೂ ಹೇಳಲಿಲ್ಲ. ಮಾತಾಡುವವರಿಗೆ ಬಲಗಿವಿ ಸಿಗುವಂತೆ ನಿಲ್ಲಲು ಕಲಿತ. ಸುದ್ದಿ ಹೊರಬಿದ್ದರೆ ಮರುದಿನದಿಂದ ಯಾರೂ ಕರೆಯುವುದಿಲ್ಲ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಎರಡೂ ಪೆಟ್ಟಿಗೆ ಸಮ ಕೇಳಿದರೆ ಸಾಕು, ದನಿ ನಡುವೆ ನಿಂತೇ ಇರುತ್ತದೆ ಎಂದುಕೊಂಡು ಕೆಲಸ ಮುಂದುವರಿಸಿದ.

ಚಳಿ ಕಳೆಯುವ ಹೊತ್ತಿಗೆ ಕಾರ್ಗಲ್ಲಿನ ಜ್ವಾಲಾಮಾಲಿನಿ ಫೋನ್ ಮಾಡಿದರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಆಮೇಲಿನ ಉದ್ದದ ಸಂಜೆಗೆಂದೇ ಕೋಣೆ ಮಾಡಿಸಿದ್ದರು. ಮಳೆಗಾಲ ಮುಗಿದ ಮೇಲೆ ಅಲ್ಲಿ ಸ್ಪೀಕರು ಕೂರಿಸಿದ್ದು ಸನ್ಮತಿಯೇ.

“ಎಂತ ಮಾರಾಯ, ಸ್ಪೀಕರ್ ಜೊತೆ ಇನ್ಯಾರನ್ನಾದ್ರೂ ತಂದು ಬಿಟ್ಟು ಹೋಗಿದೀಯಾ?”

ಅವರು ನಕ್ಕರು. ಅವನಿಗೆ ನಗು ಬರಲಿಲ್ಲ.

ಮರುದಿನ ಹೋದ. ಟೀವಿಯ ಎಡಕ್ಕಿದ್ದ ಕಿಟಕಿಯ ಪರದೆಗೆ ಮೇಲಿನಿಂದ ಕೆಳಗಿನವರೆಗೆ ಸೇಫ್ಟಿಪಿನ್ ಹಾಕಿದ್ದರು.

“ಅದ್ರ ಹಿಂದೆ ಯಾರೋ ನಿಂತಿದಾರೆ ಅಂತಾಳೆ ಸೊಸೆ. ವಾರ್ತೆ ಓದೋನ ಬಾಯಿ ಇಲ್ಲಿ ಆಡ್ತದೆ, ಮಾತು ಅಲ್ಲಿಂದ ಬರ್ತದೆ. ಟೀವಿ ಆರಿಸಿದ್ಮೇಲೂ ಎಲ್ರೂ ಆ ಕಡೆನೇ ನೋಡ್ತಾ ಕೂತಿರ್ತೀವಿ. ಯಾಕೋ ಗೊತ್ತಿಲ್ಲ.”

ಸನ್ಮತಿ ಕೂತು ಶ್ರುತಿ ಹಾಕಿದ. ಎರಡೂ ಸಮ ಕೇಳಿದವು.

“ನಡುವೆ ಇದೆಯಲ್ಲಕ್ಕ.”

“ನಡುವೆಯಾ? ತಮಾಷೆ ಮಾಡ್ಬೇಡ.” ಅವರ ಬೆರಳು ಪರದೆಯ ಕಡೆಗಿತ್ತು.

ಆಗ ಅವನಿಗೆ ಹೊಳೆಯಿತು. ಸತ್ತ ಕಿವಿಯ ಬದಿ ಕಡಿಮೆ ಕೇಳುತ್ತದೆಂದು ಎಡದ ಪೆಟ್ಟಿಗೆಯನ್ನು ಏರಿಸುತ್ತಾ ಬಂದಿದ್ದ. ಈ ಮನೆಯಲ್ಲಿ ಮಾತ್ರವಲ್ಲ, ಮಳೆಗಾಲದ ನಂತರ ಹೋದ ಪ್ರತಿ ಮನೆಯಲ್ಲೂ.

“ನೀವು ಕೂರಿ. ನಡುವೆ ಬಂದಾಗ ಹೇಳಿ,” ಎಂದು ಗುಂಡಿ ತಿರುಗಿಸತೊಡಗಿದ.

“ಬಂತು,” ಎಂದರು ಜ್ವಾಲಾಮಾಲಿನಿ. ಅವನಿಗೆ ಎಡದ ಪೆಟ್ಟಿಗೆ ಮಂಕಾಗಿ ಹೋಗಿತ್ತು. ಅವರು ಅವನ ಮುಖವನ್ನೇ ನೋಡಿದರು. “ನಿಂಗೆ ಕೇಳ್ತಿಲ್ಲ ಅಲ್ವಾ?”

“ಯಾರಿಗೂ ಹೇಳ್ಬೇಡಿ.”

“ನಾ ಯಾಕೆ ಹೇಳ್ಲಿ? ಆದ್ರೆ ನಿಟ್ಟೂರಲ್ಲಿ ನನ್ನ ತಂಗಿ ಪದ್ಮಶ್ರೀ ಮನೇಲೂ ನೀನೇ ಮಾಡಿದ್ದು. ಅವಳ ಮಗಳು ಬ್ರಾಹ್ಮಿ ಆ ಕೋಣೆಗೆ ಒಬ್ಬಳೇ ಹೋಗೋದನ್ನ ಬಿಟ್ಟಿದಾಳಂತೆ. ಯಾರೋ ಮಂತ್ರವಾದೀನ ಕರೆಸಿ ನೋಡಿಸ್ತಾರಂತೆ.”

ಸನ್ಮತಿ ನಿಟ್ಟೂರು ಮುಟ್ಟುವಾಗ ಕತ್ತಲಾಗುತ್ತಿತ್ತು. ಅಂಗಳದಲ್ಲಿ ಬೈಕ್ ನಿಲ್ಲಿಸಿ, ಆ ಕೋಣೆಯಲ್ಲಿ ಟೀವಿಯ ಎಡಕ್ಕಿದ್ದ ಕಿಟಕಿಯ ಪಕ್ಕದಲ್ಲಿ ಹಾದುಹೋಗುವಾಗ ತಲೆ ಎತ್ತಿದ. ಸೋಫಾದ ಮೇಲೆ ಪದ್ಮಶ್ರೀ, ಗಂಡ, ಮಗಳು. ಕೆನ್ನೆಗಳ ಮೇಲೆ ಟೀವಿಯ ಬಣ್ಣ ಆಡುತ್ತಿತ್ತು. ಒಬ್ಬರೂ ಟೀವಿ ನೋಡುತ್ತಿರಲಿಲ್ಲ. ಮೂವರ ಕತ್ತೂ ಕಿಟಕಿಗೆ ತಿರುಗಿತ್ತು. ಅವನು ಕೈ ಎತ್ತಿದ. ಯಾರ ಮುಖದಲ್ಲೂ ಗುರುತು ಮೂಡಲಿಲ್ಲ.

ಬ್ರಾಹ್ಮಿಯ ತುಟಿ ಅಲ್ಲಾಡಿತು. ಅವನು ಬಲಗಿವಿ ಗಾಜಿಗೆ ಕೊಟ್ಟ.

“ಅಮ್ಮ, ಇವತ್ತು ಕಾಣ್ತಿದಾನೆ.”

ಬೈಕ್ ಹತ್ತಿ ಹೋಗಿಬಿಡಬಹುದಿತ್ತು. ಸನ್ಮತಿ ಬಾಗಿಲಿಗೆ ಹೋಗಿ ಬೆಲ್ ಒತ್ತಿದ. ಒಳಗೆ ಟೀವಿ ನಿಂತಿತು, ಯಾರೂ ಎದ್ದು ಬರಲಿಲ್ಲ.

“ನಾನು, ಸಾಗರದ ಸನ್ಮತಿ. ನಂಗೆ ಎಡಗಿವಿ ಕೇಳೋದಿಲ್ಲ. ಸ್ಪೀಕರ್ ತಪ್ಪು ಇಟ್ಟಿದೀನಿ, ಸರಿ ಮಾಡ್ಬೇಕು.”

ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿದ.