ಅಮ್ಮ ಬಾವಿಗಿಳಿದ ಭಾನುವಾರ

ಕಳೆದ ಭಾನುವಾರ ನಮ್ಮಮ್ಮನನ್ನು ಸ್ವಿಮ್ಮಿಂಗ್ ಪೂಲಿನ ಮೊದಲ ಮೆಟ್ಟಿಲಿಂದಲೇ ವಾಪಸ್ ಕಳಿಸಿದರು.

ದೇವನಹಳ್ಳಿ ಹತ್ತಿರದ ಒಂದು ರೆಸಾರ್ಟ್. ಮಗಳು ಸಿರಿಯ ಹುಟ್ಟುಹಬ್ಬಕ್ಕೆಂದು ದೊಡ್ಡಬಳ್ಳಾಪುರದಿಂದ ಹೊರಟಿದ್ದೆವು. ನಾನು, ನನ್ನ ಗಂಡ, ಸಿರಿ, ನಮ್ಮ ಜೊತೆಯಲ್ಲೇ ಇರುವ ಅಪ್ಪ, ಅಮ್ಮ. ತಲೆಯ ಮೇಲೆ ಒಂದರ ಹಿಂದೊಂದು ವಿಮಾನ. (ಅದನ್ನೂ ‘ವ್ಯೂ’ ಅಂತ ಪ್ಯಾಕೇಜಿಗೆ ಸೇರಿಸಿದ್ದರು.)

ಪೂಲಿನ ಅಂಚಿನ ಕಂಬಿ ಹಿಡಿದು ನಿಂತ ಸಿರಿ ಕೈ ಬಿಡಲೊಲ್ಲಳು. ತಿಂಗಳುಗಟ್ಟಲೆ ಕೋಚಿಂಗ್ ಆಗಿದೆ, ಭಯ ಹೋಗಿಲ್ಲ. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಅಮ್ಮ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಇರು ಮಗ, ನಾನ್ ಬರ್ತೀನಿ’ ಎಂದು ನೀರಿಗೆ ಕಾಲಿಟ್ಟಳು.

ಪೂಲ್ ನೋಡಿಕೊಳ್ಳುವಾತ ಓಡಿ ಬಂದ. ‘ಸೀರೇಲಿ ಇಳಿಯೋ ಹಾಗಿಲ್ಲಮ್ಮ, ಕಾಸ್ಟ್ಯೂಮ್ ಬೇಕು. ಅದೂ ಅಲ್ದೆ ಮುಂದೆ ಆಳ ಐತೆ, ಈಜು ಬರ್ಬೇಕು.’

‘ಬರ್ತದಪ್ಪ’ ಎಂದಳು ಅಮ್ಮ.

ನಾವೆಲ್ಲ ನಕ್ಕೆವು. ಅಮ್ಮನಿಗೆ ಈಜು? ನನಗೆ ಗೊತ್ತಿದ್ದಂತೆ ಅವಳು ನೀರಿಗಿಳಿದದ್ದು ಘಾಟಿ ದೇವಸ್ಥಾನದ ಕಲ್ಯಾಣಿಯಲ್ಲಿ ಕಾಲು ತೊಳೆಯಲು ಮಾತ್ರ.

ಅಮ್ಮ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಹೋಗಿ ಬೆಂಚಿನ ಮೇಲೆ ಕೂತಳು. ಊಟ ಮುಗಿಯಿತು. ಐಸ್‌ಕ್ರೀಮ್ ಬಂದಾಗ ತಟ್ಟೆ ಪಕ್ಕಕ್ಕೆ ತಳ್ಳಿ, ‘ತ್ಯಾಮಗೊಂಡ್ಲು ಕಡೆ ಹೋಗಾನ ನಡೀರಿ. ಗಂಗಣ್ಣನ ತೋಟದ ಬಾವಿ ತುಂಬೈತಂತೆ’ ಎಂದಳು. ಗಂಗಣ್ಣ ಅಮ್ಮನ ತಮ್ಮ, ನನ್ನ ಸೋದರಮಾವ.

ಮೊದಲು ಎದ್ದು ನಿಂತವಳು ಹುಟ್ಟುಹಬ್ಬದ ಹುಡುಗಿ. ಅಲ್ಲಿಗೆ ಚರ್ಚೆ ಮುಗಿಯಿತು.

ಮಾವನದು ಕಲ್ಲು ಕಟ್ಟಿದ ದೊಡ್ಡ ತೆರೆದ ಬಾವಿ. ಚಿಕ್ಕವರಿದ್ದಾಗ ರಜೆಗೆ ಬಂದರೆ ಅದರೊಳಗೆ ಬಗ್ಗಿ ನಮ್ಮ ನಮ್ಮ ಹೆಸರು ಕೂಗುತ್ತಿದ್ದೆವು. ಪ್ರತಿಧ್ವನಿ ಬರುತ್ತಿತ್ತು, ಪಾರಿವಾಳ ಹಾರುತ್ತಿದ್ದವು. ನೀರು ಕಂಡ ನೆನಪೇ ಇಲ್ಲ. ಈಗ ಎರಡು ವರ್ಷದ ಒಳ್ಳೆಯ ಮಳೆಗೆ ನೀರು ಮೇಲಿನ ಮೆಟ್ಟಿಲವರೆಗೂ ಬಂದಿತ್ತು. ತೆಂಗಿನ ಗರಿಗಳ ನೆರಳು ಅದರ ಮೇಲೆ ಅಲುಗುತ್ತಿತ್ತು.

ಅಮ್ಮ ಸೀರೆಗೆ ಕಚ್ಚೆ ಹಾಕಿ ಬಿಗಿದಳು. ಅಪ್ಪನಿಗೆ ಗಾಬರಿ. ‘ಲೇ ಗಂಗಣ್ಣ, ನಿಮ್ಮಕ್ಕನ್ನ ಹಿಡ್ಕೊಳ್ಳೋ’ ಎಂದರು.

ಮಾವ ಹಿಡಿಯಲಿಲ್ಲ. ಹಗ್ಗ ತಂದು ಅವಳ ಸೊಂಟಕ್ಕೆ ಕಟ್ಟಿದರು. ‘ಭಾವ, ನಂಗೆ ಈಜು ಕಲಿಸಿದ್ದೇ ಅಕ್ಕ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಇದೇ ಬಾವಿಗೆ ತಳ್ಳಿದ್ಲು. ಅವ್ಳು ದೊಡ್ಡೋಳಾದ್ಮೇಲೆ ನಮ್ಮಜ್ಜಿ ಬಾವಿ ಹತ್ರಾನೂ ಬಿಡ್ಲಿಲ್ಲ.’

ನಮ್ಮ ನಗು ಆಗ ಎಲ್ಲಿತ್ತೋ.

ಅಮ್ಮ ಒಂದೊಂದೇ ಮೆಟ್ಟಿಲು ಇಳಿದಳು. ನೀರು ಎದೆಮಟ್ಟಕ್ಕೆ ಬಂದಾಗ ನಿಂತಳು. ಐವತ್ತು ವರ್ಷಕ್ಕೂ ಮೇಲಾಗಿದೆ. ಕೈಕಾಲು ಮರೆತಿದ್ದರೆ? ಮಂಡಿ ಹಿಡಿದುಕೊಂಡರೆ? ‘ಸಾಕು ಬಾಮ್ಮ’ ಎಂದು ನಾನು ಹೇಳುವಷ್ಟರಲ್ಲಿ ಅವಳು ಮೆಟ್ಟಿಲು ಬಿಟ್ಟಾಗಿತ್ತು. ತಲೆ ಮುಳುಗಿತು. ಅಪ್ಪ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಇವತ್ತಿಗೂ ನೋವಿದೆ.

ಮೇಲೆ ಬಂದಳು. ಮುಖದ ನೀರು ಒರೆಸಿಕೊಂಡಳು. ಆಮೇಲೆ ಏನೂ ಆಗದವಳಂತೆ ಬಾವಿಯನ್ನು ಒಂದು ಸುತ್ತು ಈಜಿ, ಅಂಗಾತ ಮಲಗಿ ತೇಲಿದಳು. ಕಣ್ಣು ಮುಚ್ಚಿತ್ತು. ಮಂಡಿನೋವು, ಬಿಪಿ ಮಾತ್ರೆ, ನಾಳೆಯ ಇಡ್ಲಿಹಿಟ್ಟು ಯಾವುದೂ ಆ ಮುಖದಲ್ಲಿರಲಿಲ್ಲ. ನಾನು ಹುಟ್ಟುವುದಕ್ಕೆ ಮೊದಲಿನ ಅಮ್ಮನನ್ನು ಆವತ್ತು ನೋಡಿದೆ.

‘ಅಜ್ಜಿ, ನಾನೂ ಬರ್ಲಾ?’ ಎಂದಳು ಸಿರಿ.

ಮಾವ ಅವಳ ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ, ತಾವೂ ನೀರಿಗಿಳಿದರು. ಅಜ್ಜಿಯ ಅಂಗೈ ಮೊಮ್ಮಗಳ ಹೊಟ್ಟೆಯ ಕೆಳಗೆ. ‘ನೀರ್ ಜೊತೆ ಜಗಳ ಆಡ್ಬೇಡ ಮಗ. ಸುಮ್ನೆ ಮಲ್ಕೋ, ಅದೇ ಎತ್ಕೊಳ್ತದೆ.’ ಬಿಸಿಲು ಇಳಿಯುವ ಹೊತ್ತಿಗೆ ಅಜ್ಜಿ ಕೈ ತೆಗೆದಿದ್ದಳು. ಸಿರಿಗೆ ಗೊತ್ತೇ ಆಗಿರಲಿಲ್ಲ.

(ಇದನ್ನು ಓದಿ ಸೀದಾ ಬಾವಿಗೆ ಹಾರಬೇಡಿ. ಹಗ್ಗ ಇರಲಿ, ಹಿಡಿಯಲು ಗಂಗಣ್ಣ ಮಾವನಂಥವರೂ ಇರಲಿ.)

ನಾವು ಖುಷಿ ಹುಡುಕಿಕೊಂಡು ರೂಮ್ ಬುಕ್ ಮಾಡುತ್ತೇವೆ, ರಿವ್ಯೂ ಓದುತ್ತೇವೆ, ಆಫರ್ ಕಾಯುತ್ತೇವೆ. ತಪ್ಪೇನಿಲ್ಲ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತಿದೆ ಎಂದು ಎಷ್ಟು ಮಂದಿ ವಿಚಾರಿಸುತ್ತೇವೆ? ಅವರನ್ನು ‘ಕರೆದುಕೊಂಡು ಹೋಗುತ್ತೇವೆ’, ಅಷ್ಟೇ.

ಬರುವಾಗ ದಾರಿಯುದ್ದಕ್ಕೂ ಅಪ್ಪ ಅಮ್ಮನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು: ‘ಇಷ್ಟು ವರ್ಷ ಒಂದ್ ಮಾತೂ ಹೇಳ್ಲಿಲ್ವಲ್ಲೇ.’

ಅಮ್ಮ ಒದ್ದೆ ಕೂದಲು ಬಿಡಿಸಿಕೊಳ್ಳುತ್ತಾ, ‘ನೀವ್ ಯಾವತ್ ಕೇಳಿದ್ರಿ?’ ಎಂದಳು.

ನೀವು ಕೇಳಿದ್ದೀರಾ, ನಿಮ್ಮ ಮನೆಯಲ್ಲಿ?