ಬಳೆಚೂರು ಮತ್ತು ಬಿಲಿರುಬಿನ್

ಮೊಮ್ಮಗ ಮಡಿಲಿಗೆ ಬಂದ! ಎರಡನೇ ಈಯತ್ತೆಗೆ ಶಾಲೆ ಬಿಟ್ಟ ನಾನು ಈ ವಯಸ್ಸಿನಲ್ಲಿ ಪರೀಕ್ಷೆ ಪಾಸಾಗಿ ಅವನನ್ನು ಎತ್ತಿಕೊಂಡೆ. ಆ ಖುಷಿಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಆಗಲಿ.

ಮಾನ್ವಿಯ ನಮ್ಮ ಓಣಿಯಲ್ಲಿ ಕೂಸಿಗೆ ಕಾಮಾಲೆಯಾದರೆ ನನ್ನ ಹತ್ತಿರ ತರುತ್ತಿದ್ದರು. ಬಳೆಚೂರನ್ನು ಕೆಂಪಗೆ ಕಾಯಿಸಿ ಹೊಟ್ಟೆಗೆ ಮೂರು ಬರೆ ಹಾಕುತ್ತಿದ್ದೆ. ಕೈಗುಣ ಚಲೋ ಎಂದು ಹೆಸರಿತ್ತು. ಕಿರಿಯ ಮಗನ ಕೂಸು ಐದನೇ ದಿನಕ್ಕೆ ಹಳದಿಗೆ ತಿರುಗಿದಾಗಲೂ ಒಲೆಗೆ ಬಳೆಚೂರು ಇಟ್ಟೆ. ಹಿರಿಯ ಮಗನ ಮಗಳು ರಾಯಚೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಅವಳು ಬಂದವಳೇ ಇಕ್ಕಳ ಕಿತ್ತುಕೊಂಡು, ತನ್ನ ಅಂಗಿ ಎತ್ತಿ ಹೊಟ್ಟೆ ತೋರಿಸಿದಳು. ಮೂರು ಕಲೆ. ನನ್ನ ಕೈಯವೇ.

“ನಾ ಬದುಕೀನಿ ಅಂತ ನೀ ಗೆದ್ದಿ ಅನ್ಕೊಂಡಿಯೇನಬೇ?”

ಕೂಸನ್ನು ಆಸ್ಪತ್ರೆಯಲ್ಲಿ ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಹಳದಿ ಇಳಿಯಿತು. ಮನೆಗೆ ಬಂದ ಮೇಲೆ ಮೊಮ್ಮಗಳು ಬಾಗಿಲಲ್ಲೇ ನನ್ನನ್ನು ತಡೆದಳು.

“ಮುಟ್ಟಬ್ಯಾಡ. ಮೂರು ಬರಿಗೆ ಮೂರು ಶಬ್ದ ಕಲಿ. ಆಮ್ಯಾಲೆ ಎತ್ಕೊ.”

ಕಿರಿಯ ಸೊಸೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಎಂಟು ದಿನ ಅದರ ಅಳು ಕೇಳುತ್ತ ಹೊಸ್ತಿಲಾಚೆ ಕುಳಿತು, ಮೊಮ್ಮಗಳು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಿದೆ. ಒಂಬತ್ತನೇ ದಿನ ಮನೆಮಂದಿಯೆಲ್ಲರ ಮುಂದೆ ಕೇಳಿದಳು.

“ಬಿಲಿರುಬಿನ್?”

“ರಕ್ತದ ಹಳೇ ಕಣ ಒಡದಾಗ ಬರೋ ಹಳದಿ. ಹೊರಗ ಹಾಕೋದು ಲಿವರಿನ ಕೆಲಸ. ಬರಿ ಹಾಕಿದ್ರ ಹೋಗೂದಿಲ್ಲ.”

“ಫಿಲ್ಲಾಂಥಸ್?”

“ನಮ್ಮ ನೆಲನೆಲ್ಲಿ. ಎಲಿ-ಹೂ ಅಂತ ಅರ್ಥ. ಎಲಿ ಕೆಳಗ ಹೂ ಬಿಡ್ತದ. ಕಾಮಾಲಿ ಅಂತ ಎಳೀ ಕೂಸಿಗೆ ಅರದು ಕುಡಸಬಾರ್ದು.”

“ಹಿತ್ತಲದಾಗ ದಿನಾ ತುಳದಾಡ್ತಿದ್ದಿ, ಹೂ ನೋಡಿದ್ದಿಲ್ಲ ನೋಡು,” ಎಂದು ಹಿರಿಯ ಮಗ ನಕ್ಕ. ಅವಳು ನಗಲಿಲ್ಲ.

“ಸೆಪ್ಸಿಸ್?”

“ಗಾಯದ ನಂಜು ರಕ್ತಕ್ಕ ಇಳದು ಮೈತುಂಬ ಕೆಡಸೋದು.”

“ಯಾರಿಗಾಗಿತ್ತು?”

ಇದನ್ನು ಅವಳು ಕಲಿಸಿರಲಿಲ್ಲ. ಹಿಂದೊಮ್ಮೆ ಕುರ್ಡಿ ಊರಿನಿಂದ ಒಂದು ಹೆಣ್ಣುಕೂಸು ತಂದಿದ್ದರು. ನಾನು ಹಾಕಿದ ಬರೆ ಕೀವಾಗಿ ವಾರದೊಳಗೆ ತೀರಿಕೊಂಡಿತು. ಕಾಮಾಲೆ ಒಯ್ದಿತು, ತಡಮಾಡಿ ತಂದಿ ಎಂದು ಆ ತಾಯಿಯನ್ನೇ ಬೈದಿದ್ದೆ.

“ಕುರ್ಡಿ ಕೂಸಿಗೆ,” ಎಂದೆ. “ಬರಿ ಹಾಕಿದಾಕಿ ನಾನ.”

“ಪಾಸಾದಿ,” ಎಂದು ಮೊಮ್ಮಗಳು ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಯಪ್ಪಾ, ಆ ಬಿಸುಪು! ಎಣ್ಣೆ ಹಚ್ಚಿದೆ. ಹೊಟ್ಟೆಯ ಮೇಲೆ ನನ್ನ ಬೆರಳು ಎಲ್ಲೂ ಕಲೆಗೆ ಎಡವಲಿಲ್ಲ, ಬೆಣ್ಣೆಯ ಮೇಲೆ ಆಡಿದ ಹಾಗೆ. ನಗುತ್ತ ನಗುತ್ತ ಅತ್ತೆ.

“ಸಾಕು, ತಾಯಿಗೆ ಕೊಡು,” ಎಂದಳು ಅವಳು. “ನಾಳಿ ಕುರ್ಡಿಗೆ ಹೋಗೂದದ. ಆ ತಾಯಿ ಮುಂದನೂ ಇದನ್ನ ಹೇಳಬೇಕು.”

ಹೂಂ ಎಂದೆ. ಕೂಸನ್ನು ಮಾತ್ರ ಇನ್ನೊಂದಿಷ್ಟು ಹೊತ್ತು ಕೊಡಲಿಲ್ಲ.